ಆಖ್ಯಾತವಿಲ್ಲದ ವಾಕ್ಯ

ಕನ್ನಡದ ವಾಕ್ಯವು ಎಷ್ಟು ದೂರ ಬೇಕಾದರೂ ನಡೆಯಬಲ್ಲುದು. ಎದ್ದು, ಮಿಂದು, ಬುತ್ತಿ ಕಟ್ಟಿಕೊಂಡು, ಊರು ದಾಟಿ, ಹೊಳೆ ಹಾಯ್ದು ಎಂದು ಕೃದಂತಗಳನ್ನು ಪೋಣಿಸುತ್ತಲೇ ಹೋಗಬಹುದು. ಆದರೆ ಕಡೆಗೊಂದು ಆಖ್ಯಾತ, ಎಂದರೆ ಪೂರ್ಣ ಕ್ರಿಯಾಪದ, ಬಂದು ನಿಲ್ಲುವ ತನಕ ಕೇಳುವವನ ಕಿವಿಗೆ ವಿರಾಮವಿಲ್ಲ. ಆಳಂದ ಸೀಮೆಯ ಒಂದು ಹೈಸ್ಕೂಲಿನಲ್ಲಿ ಈ ಪಾಠವನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತ ಬಂದ ನಾನು, ನನ್ನದೇ ಬಾಳಿನ ಒಂದು ವಾಕ್ಯವು ಇಪ್ಪತ್ತೈದು ವರ್ಷಗಳ ಕಾಲ ಆಖ್ಯಾತವಿಲ್ಲದೆ ತೂಗಾಡುತ್ತಿದ್ದುದನ್ನು ಮಾತ್ರ ಅರಿಯದೆ ಹೋದೆನು.

1993ರ ಸೆಪ್ಟೆಂಬರಿನಲ್ಲಿ, ಹನ್ನೆರಡು ವರ್ಷದವನಾಗಿದ್ದ ನಾನು, ಲಾತೂರು ಜಿಲ್ಲೆಯ ಕಿಲ್ಲಾರಿಗೆ ಅನತಿದೂರದಲ್ಲಿದ್ದ ಚಿಗವ್ವನ ಊರಿಗೆ ಗಣಪತಿಯ ಹಬ್ಬಕ್ಕೆಂದು ಹೋಗಿದ್ದೆನು. ನಮ್ಮ ಕಡೆಯವರಿಗೆ ರಾಜ್ಯದ ಗಡಿಯೆಂಬುದು ನಕಾಶೆಯ ಗೆರೆ ಮಾತ್ರ. ಹೆಣ್ಣು ಕೊಡುವುದೂ ತರುವುದೂ ಅದರ ಎರಡೂ ಮಗ್ಗುಲಿಗೆ ನಡೆದೇ ಇರುವುದು. ಚಿಗವ್ವನ ಮನೆಯಲ್ಲಿ ಬೀದಿಗೆ ಮರಾಠಿ, ಒಲೆಯ ಮುಂದೆ ಕನ್ನಡ. ಅನಂತ ಚತುರ್ದಶಿಯ ರಾತ್ರಿ ಗಣಪತಿಯನ್ನು ನೀರಿಗೆ ಬಿಟ್ಟು, ದಣಿದು, ಹೊತ್ತುಮೀರಿ ಮನೆಗೆ ಬಂದಾಗ, ಅಂಗಳದಲ್ಲಿದ್ದ ಒಂದೇ ಹೊರಸಿಗಾಗಿ ನನಗೂ ಚಿಗವ್ವನ ಹತ್ತು ವರ್ಷದ ಮಗನಿಗೂ ಜಗಳವಾಯಿತು. ನಾನು ಹಿರಿಯ, ಮೇಲಾಗಿ ಹಟಮಾರಿ. ಹೊರಸು ನನ್ನದಾಯಿತು, ಅವನು ಮೋರೆ ಊದಿಸಿಕೊಂಡು ಒಳಗೆ ಹೋದನು.

30ನೆಯ ತಾರೀಖಿನ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ದಖ್ಖನಿನ ಕಲ್ಲುನೆಲವು ಅಚಲವೆಂದು ನಂಬಿದ್ದ ಜನರು, ಬೇಸಗೆಯ ತಾಪವನ್ನು ತಡೆಯಲೆಂದು ಕೆಸರಿನಲ್ಲಿ ಕಲ್ಲನ್ನಿಟ್ಟು ಕಟ್ಟಿದ ದಪ್ಪ ಗೋಡೆಗಳೂ, ತೊಲೆಗಳ ಮೇಲೆ ತಲೆಮಾರಿನಿಂದ ತಲೆಮಾರಿಗೆ ಹೇರುತ್ತ ಬಂದ ಮೇಲ್ಮುದ್ದೆಯೂ, ಯಾವುದು ತಂಪನ್ನು ಕೊಟ್ಟಿತ್ತೋ ಅದೇ ಗೋರಿಯಾಗಿ, ಮಲಗಿದವರ ಮೇಲೆ ಕುಸಿದುವು. ಐವತ್ತಕ್ಕೂ ಮಿಕ್ಕಿ ಹಳ್ಳಿಗಳು ನೆಲಸಮವಾದವು. ಮಡಿದವರನ್ನು 8,000ದಿಂದ 10,000ದವರೆಗೆ ಎಣಿಸುತ್ತಾರೆ. ಚಿಗವ್ವ ಬಾಗಿಲ ಚೌಕಟ್ಟಿನ ಆಸರೆಯಲ್ಲಿ ಸಿಲುಕಿ ಜೀವಸಹಿತ ಸಿಕ್ಕಳು. ಅವಳ ಮಗನ ದನಿ ಮಣ್ಣಿನ ಕೆಳಗಿನಿಂದ ಕೆಲಹೊತ್ತು ‘ಅಣ್ಣಾ’ ಎಂದು ಕರೆಯಿತು, ಆಮೇಲೆ ಕರೆಯಲಿಲ್ಲ.

‘ದೇವರು ಉಳಿಸಿದ ಕೂಸು, ಅದರ ಮುಂದೆ ಆ ಮಾತು ತೆಗೆಯಬೇಡಿರಿ’ ಎಂದು ಹಿರಿಯರು ನಿಶ್ಚಯಿಸಿದರು. ಅವರ ಅಂತಃಕರಣದಲ್ಲಿ ನನಗೆ ಇಂದಿಗೂ ಶಂಕೆಯಿಲ್ಲ. ತಾಯತವನ್ನು ಕಟ್ಟಿದರು, ಅಂಗಾರವನ್ನು ಹಚ್ಚಿದರು. ನಾನೂ ಓದಿ, ನೌಕರಿ ಹಿಡಿದು, ಮದುವೆಯಾಗಿ, ನೋಡುವವರ ಕಣ್ಣಿಗೆ ನೆಟ್ಟಗಿದ್ದವನೇ. ಆದರೆ ಗಡಿಯಾರದ ಗೊಡವೆಯಿಲ್ಲದೆಯೇ ನಾಲ್ಕು ಗಂಟೆಯ ಮುನ್ನ ಎಚ್ಚರವಾಗುವುದು, ಬಾಗಿಲ ಅಗಳಿಯನ್ನು ಹಾಕಗೊಡದೆ ಹೊಸ್ತಿಲ ಬಳಿಯೇ ಹಾಸಿಕೊಳ್ಳುವುದು, ಒಣಮಣ್ಣಿನ ಧೂಳು ಮೂಗಿಗೆ ಸೋಂಕಿದೊಡನೆ ಕಾರಣವಿಲ್ಲದೆ ಸಿಟ್ಟು ಉಕ್ಕುವುದು, ಚತುರ್ದಶಿ ಸಮೀಪಿಸಿತೆಂದರೆ ಮೈ ಕಾಯುವುದು, ಇವೆಲ್ಲವನ್ನೂ ನಾನು ನನ್ನ ಸ್ವಭಾವವೆಂದೇ ಬಗೆದಿದ್ದೆನು; ಹೆಂಡತಿಯೂ ಹಾಗೆಯೇ ಬಗೆದು ಸಹಿಸಿದಳು.

2018ರ ಒಂದು ರಾತ್ರಿ, ಕಬ್ಬಿನ ಲಾರಿಯೊಂದು ಮನೆಯ ಮುಂದೆ ಹಾದುಹೋದ ಸದ್ದಿಗೆ, ನಿದ್ರೆಯಲ್ಲಿದ್ದ ಒಂಬತ್ತು ವರ್ಷದ ಮಗಳನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದುತಂದೆನು. ಅವಳ ತೋಳಿನಲ್ಲಿ ನನ್ನ ಬೆರಳುಗಳ ಗುರುತು ಮೂಡಿತ್ತು. ಅದಾದ ಮರುವಾರ ಅವಳು ಮಲಗುವ ಮುನ್ನ ತನ್ನ ಚಪ್ಪಲಿಗಳನ್ನು ತಲೆದಿಂಬಿನ ಬಳಿ ಜೋಡಿಸಿಡುತ್ತಿದ್ದುದನ್ನು ಕಂಡೆನು. ನಾನು ಅವಳಿಗೆ ಹೇಳದೆಯೇ ಕಲಿಸಿದ ಪಾಠ ಅದು. ಆ ವಾರವೇ ಧಾರವಾಡಕ್ಕೆ ಹೊರಟೆನು.

ಅಲ್ಲಿ ನನ್ನನ್ನು ನೋಡಿದ ಮನಃಶಾಸ್ತ್ರಜ್ಞೆ, ವಯಸ್ಸಿನಲ್ಲಿ ನನ್ನ ಶಿಷ್ಯೆಯಂತಿದ್ದವರು, ಈ ವ್ಯಾಧಿಗೆ ಪಿ.ಟಿ.ಎಸ್.ಡಿ. ಎಂಬ ಹೆಸರುಂಟೆಂದೂ, ಅದು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದು 1980ರಲ್ಲೆಂದೂ, ಎಡ್ನಾ ಫೋವಾ ಎಂಬ ವಿದುಷಿ ರೂಪಿಸಿದ ಒಂದು ಚಿಕಿತ್ಸಾಕ್ರಮವನ್ನು ನಡೆಸಬಹುದೆಂದೂ ತಿಳಿಸಿದರು. ವಾರಕ್ಕೊಮ್ಮೆ ತೊಂಬತ್ತು ನಿಮಿಷ. ಮೊದಲು ಉಸಿರಾಟವನ್ನು ನಿಧಾನಿಸುವ ಅಭ್ಯಾಸ. ತರುವಾಯ ಕಣ್ಣು ಮುಚ್ಚಿ ಆ ರಾತ್ರಿಯನ್ನು ಆದಿಯಿಂದ ಅಂತ್ಯದವರೆಗೆ ಉತ್ತಮಪುರುಷದಲ್ಲಿ, ವರ್ತಮಾನಕಾಲದಲ್ಲಿ ಹೇಳುವುದು. ನಡುನಡುವೆ ಭಯಕ್ಕೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡುವುದು. ಆ ಮಾತುಗಳ ಧ್ವನಿಮುದ್ರಣವನ್ನು ಮನೆಯಲ್ಲಿ ದಿನವೂ ಕೇಳುವುದು.

ವ್ಯಾಕರಣದ ಮೇಷ್ಟರಿಗೆ ಅದೆಷ್ಟರ ಮಾತೆಂದುಕೊಂಡೆನು. ಆದರೆ ಮೊದಲ ದಿನ ನನ್ನ ಬಾಯಿಂದ ‘ಮನೆ ಬಿದ್ದಿತಂತೆ, ಹುಡುಗ ತೀರಿಕೊಂಡನಂತೆ’ ಎಂದು ಯಾರದೋ ವರ್ತಮಾನವು ಹೊರಟಿತಲ್ಲದೆ ನನ್ನದು ಹೊರಡಲಿಲ್ಲ. ‘ಸರ್, ಓಡಿದೆ ಅನ್ನಬ್ಯಾಡ್ರಿ, ಓಡಾಕತ್ತೀನಿ ಅನ್ರಿ’ ಎಂದು ಆಕೆ ಮೃದುವಾಗಿ ತಿದ್ದಿದರು. ಹಾಗೆಂದೊಡನೆ ನಾಲಗೆಯ ಮೇಲೆ ಮಣ್ಣು ಕೂತಂತಾಯಿತು. ಅಂಕ ತೊಂಬತ್ತೈದು. ಮೂರನೆಯ ಭೇಟಿಯ ತರುವಾಯ ಇದ್ದ ನಿದ್ರೆಯೂ ಹೋಗಿ, ಬಿಟ್ಟುಬಿಡುವೆನೆಂದು ಪತ್ರ ಬರೆದಿಟ್ಟು, ಹೆಂಡತಿಯ ಒತ್ತಾಯಕ್ಕೆ ಅದನ್ನು ಅಂಚೆಗೆ ಹಾಕದೆ ಮತ್ತೆ ಬಸ್ಸು ಹತ್ತಿದೆನು.

ಆರನೆಯ ಸಲ, ಯಾರಿಗೂ ಹೇಳದಿದ್ದುದನ್ನು ಹೇಳಿದೆನು: ದನಿ ಇನ್ನೂ ಕೇಳುತ್ತಿರುವಾಗಲೇ, ನೆಲ ಮತ್ತೆ ನಡುಗಿತೆಂದು, ನಾನು ಆ ರಾಶಿಯನ್ನು ಬಿಟ್ಟು ಓಡಿದೆನು. ಇಪ್ಪತ್ತೈದು ವರ್ಷಗಳೂ ನನ್ನ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಓಡಿ ಎಂಬುದರ ಮುಂದೆ ಪದವಿರಲಿಲ್ಲ. ‘ಓಡಿ?’ ಎಂದು ಕೇಳಿ ಆಕೆ ಸುಮ್ಮನೆ ಕುಳಿತರು. ಓಡಿ, ಗುಡಿಯ ಕಟ್ಟೆಯವರೆಗೆ ಹೋಗಿ, ಅಲ್ಲಿ ನಿಂತಿದ್ದ ಮುದುಕನೊಬ್ಬನ ಧೋತರದ ಚುಂಗು ಹಿಡಿದು ಎಳೆದುಕೊಂಡು, ಹಿಂದಿರುಗಿ ಬಂದೆನು. ಇಬ್ಬರೂ ಬೆಳಕು ಹರಿಯುವ ತನಕ ಬರಿಗೈಯಲ್ಲಿ ತೋಡಿದೆವು. ಬಿಟ್ಟು ಓಡಿದ್ದು ನಿಜ. ಹಿಂದಿರುಗಿ ಬಂದುದೂ ಅಷ್ಟೇ ನಿಜ. ಎರಡನೆಯದನ್ನು ಮೊದಲನೆಯದು ಮುಚ್ಚಿ ಕುಳಿತಿತ್ತು. ಮರೆವೆಂದು ಹಿರಿಯರು ನನಗೆ ಕೊಡಿಸಿದ್ದು ಹೀಗೆ ಹಿಂದಿರುಗಿ ಬಂದುದರ ಮರೆವನ್ನು ಮಾತ್ರ. ನಾನು ನಿರಪರಾಧಿಯೆಂದು ಆಕೆ ತೀರ್ಪು ಕೊಡಲಿಲ್ಲ. ಎರಡಡಿ ಮೇಲ್ಮುದ್ದೆಯನ್ನು ಹನ್ನೆರಡು ವರ್ಷದ ಕೈಗಳು ಎಷ್ಟು ಹೊತ್ತಿಗೆ ಸರಿಸಿಯಾವೆಂದು ಲೆಕ್ಕ ಕೇಳಿದರು, ಅಷ್ಟೆ.

ಹನ್ನೆರಡು ಭೇಟಿಗಳು ಮುಗಿಯುವಾಗ ಅಂಕ ಇಪ್ಪತ್ತೈದಕ್ಕೆ ಇಳಿದಿತ್ತು. ಅಷ್ಟರಲ್ಲಿ ಮೊದಲು ನಡುಮನೆ, ಆಮೇಲೆ ಕೋಣೆ, ಆಮೇಲೆ ಅಗಳಿ ಹಾಕಿದ ಕೋಣೆ ಎಂದು ಮಲಗುವ ಠಾವನ್ನು ಮೆಟ್ಟಿಲು ಮೆಟ್ಟಿಲಾಗಿ ಒಳಕ್ಕೆ ಸರಿಸಿಯೂ ಆಗಿತ್ತು. ಇಷ್ಟರಿಂದ ಎಲ್ಲರ ಬಾಯನ್ನೂ ಬಿಡಿಸಬೇಕೆಂದು ಯಾರೂ ತಿಳಿಯಬಾರದು. ಅನಾಹುತವಾದ ಮರುಗಳಿಗೆಯಲ್ಲೇ ನೊಂದವರನ್ನು ಕುಳ್ಳಿರಿಸಿ ಕೆದಕಿ ಕೇಳುವುದರಿಂದ ಹಿತವಾಗದು; ಕಥನವನ್ನು ಬೇಡದೆಯೇ ನಡೆಸುವ ಬೇರೆ ಚಿಕಿತ್ಸೆಗಳೂ ಉಂಟು; ಯಾವುದಾದರೂ ಸರಿ, ಪಳಗಿದವರ ಸಮಕ್ಷಮದಲ್ಲಿ ಆಗಬೇಕು. ಧಾರವಾಡದ ದಾರಿ ದೂರವಾದವರಿಗೆ 2022ರಿಂದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ, ಕಾಸಿಲ್ಲದೆ ಮಾತನಾಡುವ ಅನುಕೂಲವಿದೆ. ನನ್ನ ಹುಡುಗತನದಲ್ಲಿ ಅಂಥದೊಂದಿದ್ದಿತೆಂದು ಊಹಿಸಲೂ ಆರೆನು.

ಮರುವರ್ಷ ಚಿಗವ್ವನ ಹೊಸ ಊರಿಗೆ ಹೋದೆನು. ಹಳೆಯ ಊರನ್ನು ಬಿಡಿಸಿ, ಬೇರೆಡೆ, ಮನೆಗೂ ಮನೆಗೂ ನಡುವೆ ಬಯಲು ಬಿಟ್ಟು ಕಟ್ಟಿಕೊಟ್ಟ ಊರದು. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಹೊರಸಿನ ಜಗಳವನ್ನು ಹೇಳಿದೆನು. ನಾನು ಬಿಟ್ಟುಕೊಟ್ಟಿದ್ದರೆ ಅವನಿರುತ್ತಿದ್ದನೆಂದು ಹೇಳಿದೆನು. ಬಹಳ ಹೊತ್ತು ಅವಳ ಕೈ ಕಾಳಿನೊಳಗೇ ಇತ್ತು.

‘ನೀ ಏನ್ ಕಸಗೊಂಡಿ ತಮ್ಮಾ? ಪರಊರಿಂದ ಬಂದ ಕೂಸು ಗಾಳಿಗೆ ಮಲಗಲಿ ಅಂತ, ಅವನಿಗೆ ಗದರಿಸಿ ಒಳಗ ಕರದಾಕಿ ನಾನು.’

ನನ್ನ ನೆನಪಿನಲ್ಲಿ ಆ ಗದರಿಕೆಯೇ ಇರಲಿಲ್ಲ; ಅವಳ ನೆನಪಿನಲ್ಲಿ ನನ್ನ ಹಟವಿರಲಿಲ್ಲ. ಒಂದೇ ಹೊರಸನ್ನು ಇಬ್ಬರೂ ಬೇರೆ ಬೇರೆಯಾಗಿ ಅಷ್ಟು ವರ್ಷ ಹೊತ್ತು ತಿರುಗಿದ್ದೆವು. ಸಮಾಧಾನದ ಮಾತು ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ. ಮೊರ ಮತ್ತೆ ಆಡತೊಡಗಿತು. ಹೊತ್ತು ಮುಳುಗಿದ ಮೇಲೆ ಹಾಸಿಗೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದುಬಂದು, ‘ಎಲ್ಲಿ ಹಾಸಲಿ, ಹೊರಗೋ ಒಳಗೋ?’ ಎಂದು ಕೇಳಿದಳು.

‘ಒಳಗೇ ಮಲಗ್ತೀನಿ ಚಿಗವ್ವ’ ಎಂದೆನು.