ಅಂಬಾಸಿಡರ್ ಮೈ, ಥಾರ್ ಕಾಲು

ನಿಮ್ಮ ತಂದೆಯವರ ಅಂಬಾಸಿಡರ್ ಬಾಡಿಯನ್ನು ಥಾರ್ ಚಾಸಿ ಮೇಲೆ ಕೂರಿಸುವ ಆಸೆ ಸಹಜವೇ. ವೀಲ್‌ಬೇಸ್ ನೋಡಿದರೆ ನನಗೂ ಕೈ ತುರಿಸುತ್ತದೆ: ಅದರದ್ದು 2,464 ಮಿ.ಮೀ., 2020ರ ಥಾರ್‌ನದ್ದು 2,450. ಆದರೆ ಅಂಬಾಸಿಡರ್‌ಗೆ ಬೇರೆ ಚಾಸಿಯೇ ಇಲ್ಲ. ತಳ, ಕಂಬ, ಚಾವಣಿ ಸೇರಿಯೇ ಭಾರ ಹೊರುತ್ತವೆ. ಗೇರ್‌ಬಾಕ್ಸಿಗೆ ಜಾಗ ಮಾಡಲು ತಳ ಕತ್ತರಿಸಿದಿರೋ, ಬಾಡಿ ಸಡಿಲವಾಗಿ ಬಾಗಿಲುಗಳೇ ಸರಿಯಾಗಿ ಕೂರುವುದಿಲ್ಲ. ಒಳಗೆ ಉಕ್ಕಿನ ಚೌಕಟ್ಟು ಬೆಸೆಯಲೇಬೇಕು. ಥಾರ್ ಅಗಲವೂ ಹೆಚ್ಚು. ಚಕ್ರಗಳು ಮಡ್‌ಗಾರ್ಡಿನಿಂದ ಆಚೆ ಇಣುಕುತ್ತವೆ. (ಗ್ಯಾರೇಜಿನವರು ಇದನ್ನು ಮೊದಲೇ ಹೇಳುವುದು ಅಪರೂಪ.)

ದೊಡ್ಡ ತೊಡಕು ಆರ್‌ಟಿಒದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅಡ್ಡ ಬರುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಬಿಗಿಯಾಗಿಯೇ ವ್ಯಾಖ್ಯಾನಿಸಿದೆ. ಸ್ವಂತ ತೋಟದೊಳಗೆ ಓಡಿಸಲಾದರೆ ಮಾಡಿಸಿ. ರಸ್ತೆಗಾದರೆ ಬೇಡ, ಅಂಬಾಸಿಡರನ್ನು ಇದ್ದಂತೆಯೇ ರಿಪೇರಿ ಮಾಡಿಸಿ, ಗುಡ್ಡ ಹತ್ತಲು ಹಳೆಯ ಜೀಪೊಂದನ್ನು ಹುಡುಕಿ.