ಮೊಣಕೈ ನೀನೇ ಹಿಡಿ

ತಮ್ಮನ ಮಗನಿಗೆ ಗ್ಲಾಕೋಮಾ. ತಾಲ್ಲೂಕು ಕಚೇರಿಯಲ್ಲಿ ಎಫ್‌ಡಿಎ ಆಗಿದ್ದಾನೆ. ಕಡತದ ಅಕ್ಷರ ಕಾಣದಾಗಿದೆ, ಸಂಜೆಯಾದ ಮೇಲೆ ಒಬ್ಬನೇ ಹೊರಡುವುದಿಲ್ಲ. ನನ್ನ ದೃಷ್ಟಿ ಹೋಗಿ ಬಹಳ ವರ್ಷಗಳಾದವು. ಅವನಿಗೆ ಹೇಳಿದ್ದು ಅವನಂಥವರಿಗೂ ಆಗಲಿ ಎಂದು ಟೈಪ್ ಮಾಡಿದ್ದೇನೆ.

• ಡ್ರಾಪ್ಸ್ ತಪ್ಪಿಸಬೇಡ. ಹಾಕಿದರೂ ಕಣ್ಣು ಸುಧಾರಿಸಲಿಲ್ಲ ಎಂದು ಬೇಸತ್ತು ಬಿಟ್ಟವರಿದ್ದಾರೆ. ಹೋದದ್ದನ್ನು ಅದು ತರುವುದಿಲ್ಲ ಕಣಪ್ಪ, ಉಳಿದದ್ದನ್ನು ಕಾಯುತ್ತದೆ.

• ರಾಜೀನಾಮೆ ಬರೆಯಬೇಡ. ‘ವಿಆರ್‌ಎಸ್ ತಗೊಂಡು ಮನೇಲಿ ಆರಾಮಾಗಿರು’ ಎನ್ನುವ ಹಿತೈಷಿಗಳು ಕಚೇರಿಯಲ್ಲೂ ಇದ್ದಾರೆ, ನೆಂಟರಲ್ಲೂ ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ನನ್ನು ಯಾರಿಂದಲಾದರೂ ಓದಿಸಿ ಕೇಳು. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ಸರ್ಕಾರಿ ನೌಕರನನ್ನು ತೆಗೆಯುವಂತಿಲ್ಲ, ಕೆಳಗಿನ ಹುದ್ದೆಗೆ ಇಳಿಸುವಂತಿಲ್ಲ. ಈಗಿನ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಸೂಪರ್‌ನ್ಯೂಮರರಿ, ಅಂದರೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಿಕೊಂಡು ಕೂರಬೇಡ. ಅರ್ಜಿ ಕೊಡು, ಸ್ವೀಕೃತಿ ಪಡೆ.

• ಇದಕ್ಕೆಲ್ಲ ಮೊದಲು ಬೇಕಾದದ್ದು ವಿಕಲಚೇತನರ ಗುರುತಿನ ಚೀಟಿ, ಯುಡಿಐಡಿ ಕಾರ್ಡು. ಹೆಚ್ಚಿನ ಸೌಲಭ್ಯಗಳಿಗೆ 40 ಪರ್ಸೆಂಟ್ ವೈಕಲ್ಯ ದಾಖಲಾಗಿರಬೇಕು. ‘ಇನ್ನೂ ಸ್ವಲ್ಪ ಕಾಣುತ್ತದಲ್ಲ’ ಎಂದು ಸಂಕೋಚಪಡಬೇಡ, ಮಂದದೃಷ್ಟಿಯನ್ನೂ ಕಾಯ್ದೆ ಸೇರಿಸಿಕೊಂಡಿದೆ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯು) ಹಿಡಿಯಲಿ. ಅರ್ಜಿ ತುಂಬಿಸುವುದು ಅವರ ಕೆಲಸವೇ, ಉಪಕಾರವಲ್ಲ.

• ತರಬೇತಿಗೆ ರಜೆ ಹಾಕಿ ಬೆಂಗಳೂರಿಗೆ ಹೋಗು. 1990ರಲ್ಲಿ ಶುರುವಾದ ಮಿತ್ರಜ್ಯೋತಿಯಲ್ಲಿ ಬ್ರೈಲ್, ಧ್ವನಿಪುಸ್ತಕ, ಸ್ವತಂತ್ರವಾಗಿ ಬದುಕುವ ಕೌಶಲಗಳ ತರಬೇತಿ ಇದೆ. ಎನೇಬಲ್ ಇಂಡಿಯಾದವರು ಕೆಲಸಕ್ಕೆ ಬೇಕಾದ ಕಂಪ್ಯೂಟರ್ ಕಲಿಸುತ್ತಾರೆ. ಶಾಂತಿ ರಾಘವನ್ ಅದನ್ನು ಕಟ್ಟಿದ್ದರ ಹಿಂದೆ ಅವರ ತಮ್ಮನೇ ದೃಷ್ಟಿ ಕಳೆದುಕೊಂಡ ಕಥೆಯಿದೆ. ಸಮರ್ಥನಂ ಇದೆ, ಅಂಧರ ರಾಷ್ಟ್ರೀಯ ಸಂಘ ಎನ್‌ಎಬಿ ಇದೆ. ಎಲ್ಲಿ ಹೋದರೂ ಒಂದು ಪ್ರಶ್ನೆ ಕೇಳು: ‘ಇಲ್ಲಿ ನಾನೇನು ಮಾಡಲು ಕಲಿಯುತ್ತೇನೆ?’ ಸಾಲಾಗಿ ನಿಲ್ಲಿಸಿ, ಕಂಬಳಿ ಕೊಟ್ಟು, ಫೋಟೊ ತೆಗೆಯುವ ಕಾರ್ಯಕ್ರಮಗಳಿಗೆ ಹೋಗದಿದ್ದರೂ ನಷ್ಟವಿಲ್ಲ.

• ಬಿಳಿಕೋಲು. ತಂದು ಬಾಗಿಲ ಹಿಂದೆ ನೇತುಹಾಕಲು ಅಲ್ಲ. ಎದೆಮೂಳೆಯವರೆಗೆ ಬರುವಷ್ಟು ಉದ್ದವಿರಲಿ. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ, ಬಲಗಾಲಿಗೆ ಎಡಕ್ಕೆ, ಭುಜಕ್ಕಿಂತ ತುಸು ಅಗಲವಾಗಿ ಆಡಿಸಬೇಕು. ಓದಿ ಬರುವ ವಿದ್ಯೆಯಲ್ಲ, ಕಲಿಸುವವರ ಜೊತೆ ರಸ್ತೆಯಲ್ಲಿ ನಡೆದೇ ಕಲಿಯಬೇಕು. ಮುಚ್ಚಳವಿಲ್ಲದ ಚರಂಡಿಯನ್ನು ಕೋಲು ಹಿಡಿದುಕೊಡುತ್ತದೆ. ಅಂಗಡಿ ಮುಂದೆ ಇಳಿಬಿದ್ದ ಬೋರ್ಡನ್ನಾಗಲಿ, ನಿಂತ ಲಾರಿಯ ಹಿಂಭಾಗವನ್ನಾಗಲಿ ಹೇಳುವುದಿಲ್ಲ. ಮುಂದೆ ಚಾಚಿದ ಅಂಚಿನ ಟೋಪಿ ಹಾಕು, ಹಣೆ ಉಳಿಯುತ್ತದೆ. ಬೀದಿಯವರು ನೋಡುತ್ತಾರೆ ಎನ್ನುವೆಯಾ? ಮೂರು ದಿನ ನೋಡುತ್ತಾರೆ, ಆಮೇಲೆ ದಾರಿ ಬಿಡುತ್ತಾರೆ.

• ರಸ್ತೆ ದಾಟಿಸಲು ಬಂದವರು ನಿನ್ನ ರಟ್ಟೆ ಹಿಡಿದು ಮುಂದೆ ತಳ್ಳುತ್ತಾರೆ. ನಯವಾಗಿ ಬಿಡಿಸಿಕೊಂಡು, ಅವರ ಮೊಣಕೈಯ ಮೇಲ್ಭಾಗವನ್ನು ನೀನೇ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆ. ಮೆಟ್ಟಿಲು ಬಂದದ್ದು ಅವರ ತೋಳೇ ಹೇಳುತ್ತದೆ. ಯಾವ ಸಹಾಯವಾದರೂ ಹೀಗೇ ಇರಲಿ, ಹಿಡಿತ ನಿನ್ನದು.

• ಬ್ಯಾಂಕಿನಲ್ಲಿ ‘ಜಂಟಿ ಖಾತೆ ಮಾಡಿಸಿ, ಚೆಕ್‌ಬುಕ್ ಕೊಡೋಲ್ಲ’ ಎಂದರೆ ಒಪ್ಪಬೇಡ. ಚೆಕ್‌ಬುಕ್, ಎಟಿಎಂ, ಲಾಕರ್, ಸಾಲ, ಯಾವುದನ್ನೂ ದೃಷ್ಟಿಯ ಕಾರಣಕ್ಕೆ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸುತ್ತೋಲೆ ಹೊರಡಿಸಿದೆ. ಮ್ಯಾನೇಜರ್ ಹತ್ತಿರ ಹೋಗಿ ಅದರ ಮಾತೆತ್ತು.

• ನೋಟು ಬೆರಳಿನಿಂದ ಗುರುತಿಸಬಹುದು. ಎಡಬಲ ಅಂಚುಗಳ ಉಬ್ಬು ಗೆರೆ ಎಣಿಸು: ನೂರಕ್ಕೆ 4, ಐನೂರಕ್ಕೆ 5, ಇನ್ನೂರಕ್ಕೆ 4 ಗೆರೆಯ ಜೊತೆ 2 ವೃತ್ತ. ಹೊಸ ನೋಟಿನಲ್ಲಿ ಚೆನ್ನಾಗಿ ತಿಳಿಯುತ್ತದೆ; ಸಂತೆಯಲ್ಲಿ ಓಡಾಡಿ ಮೆತ್ತಗಾದ ನೋಟಿನಲ್ಲಿ ದೇವರೇ ಗತಿ. ಅದಕ್ಕೆ ರಿಸರ್ವ್ ಬ್ಯಾಂಕಿನದೇ ‘ಮಣಿ’ ಎಂಬ ಆ್ಯಪ್ ಇದೆ, ಇಂಟರ್ನೆಟ್ ಇಲ್ಲದೆಯೂ ಹೇಳುತ್ತದೆ. ನಾನಂತೂ ಐನೂರನ್ನು ಉದ್ದಕ್ಕೆ ಮಡಚುತ್ತೇನೆ, ನೂರನ್ನು ಅಡ್ಡಕ್ಕೆ.

• ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಈಗಲೇ ಕಲಿ, ಸ್ವಲ್ಪ ಕಾಣುತ್ತಿರುವಾಗಲೇ. ಕಂಪ್ಯೂಟರಿನಲ್ಲಿ ಅದೇ ಕೆಲಸಕ್ಕೆ ಎನ್‌ವಿಡಿಎ, ಕಾಸಿಲ್ಲದೆ ಸಿಗುತ್ತದೆ. ಇವೆರಡು ಬಂದರೆ ಕಚೇರಿಯ ಅರ್ಧ ಕೆಲಸ ಕೈಗೆ ಮರಳಿತು.

• ಮದುವೆ ಮನೆಯ ಊಟ ತಪ್ಪಿಸಬೇಡ. ಬಾಳೆಲೆಯಷ್ಟು ಶಿಸ್ತು ಇನ್ನಾವ ತಟ್ಟೆಗೂ ಇಲ್ಲ, ಯಾವುದು ಎಲ್ಲಿ ಬಡಿಸುತ್ತಾರೆಂದು ಕೈಗೆ ಮೊದಲೇ ಗೊತ್ತು. ಬಫೆ ಇದ್ದರೆ ಮಾತ್ರ ಯಾರನ್ನಾದರೂ ಜೊತೆಗೆ ಕರೆದುಕೋ.

• ಇನ್ನು ನಿನ್ನ ಹೆಂಡತಿಗೆ. ಅಮ್ಮಾ, ಅವನ ತಟ್ಟೆಯಲ್ಲಿ ಅನ್ನ ಕಲಸಿಕೊಡಬೇಡ. ಕುರ್ಚಿ ಸರಿಸಿದರೆ ಹೇಳು. ಬಾಗಿಲು ಪೂರ್ತಿ ತೆಗೆ, ಇಲ್ಲ ಪೂರ್ತಿ ಮುಚ್ಚು. ಅರ್ಧ ತೆರೆದ ಬಾಗಿಲ ಅಂಚು ನೇರ ಹಣೆಗೇ ಬಡಿಯುತ್ತದೆ. ಕೋಣೆಯಿಂದ ಎದ್ದು ಹೋಗುವಾಗಲೂ ಒಂದು ಮಾತು ಹೇಳಿ ಹೋಗು, ಖಾಲಿ ಕುರ್ಚಿಯ ಜೊತೆ ಮಾತಾಡುವುದು ಯಾರಿಗೂ ಇಷ್ಟವಾಗುವುದಿಲ್ಲ.