ಲಾರಿ ಮನೆಯಾಗುವ ಮೊದಲು ಆರ್‌ಸಿ ಬದಲಾಗಬೇಕು

ತೆಲಂಗಾಣದ ತಾಂಡೂರಿನ ಗಣಿಗಳಿಂದ ಪರಸಿ ಕಲ್ಲು ಹೊತ್ತು ಸವೆದ ಲಾರಿ ಒಂದು ದಿನ ಅಗ್ಗದ ದರಕ್ಕೆ ಮಾರಾಟಕ್ಕೆ ನಿಲ್ಲುತ್ತದೆ. ಅದನ್ನು ಕೊಂಡು ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ ಮನೆಮಂದಿಯೊಂದಿಗೆ ಊರೂರು ಸುತ್ತುವ ಆಸೆ ಈಗ ಸಿರಿವಂತರದಷ್ಟೇ ಅಲ್ಲ. ಕೆಲಸ ಬಲ್ಲ ಕೈಗಳಿಗೂ ಈ ಸೀಮೆಯಲ್ಲಿ ಬರವಿಲ್ಲ. ಆಲ್ವಿನ್-ನಿಸ್ಸಾನ್ ಲಘು ಟ್ರಕ್ಕುಗಳು ತಯಾರಾದದ್ದು ಜಹೀರಾಬಾದಿನಲ್ಲೇ. ಈಗ ಅಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆಯಿದೆ. ವೆಲ್ಡಿಂಗ್, ಪ್ಲೈವುಡ್, ಸೋಲಾರ್ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಕಾಗದಪತ್ರದ ಲೆಕ್ಕ ಹಾಕುವವರು ಕಡಿಮೆ. ಹಣ ಮುಳುಗುವುದು ಅಲ್ಲೇ.

ಕಾಸರಗೋಡಿನ ಪಕ್ಕದ ಕಣ್ಣೂರಿನಲ್ಲಿ 2021ರ ಆಗಸ್ಟ್‌ನಲ್ಲಿ ನಡೆದದ್ದನ್ನು ನೆನೆಯಬೇಕು. ‘ಇ ಬುಲ್ ಜೆಟ್’ ಹೆಸರಿನ ಯೂಟ್ಯೂಬ್ ವಾಹಿನಿ ನಡೆಸುತ್ತಿದ್ದ ಸಹೋದರರ ಕ್ಯಾಂಪರ್ ವ್ಯಾನನ್ನು ನಿಯಮ ಮೀರಿ ಮಾರ್ಪಡಿಸಲಾಗಿದೆ ಎಂದು ಸಾರಿಗೆ ಇಲಾಖೆ ವಶಕ್ಕೆ ಪಡೆಯಿತು. ಆರ್‌ಟಿಒ ಕಚೇರಿಯಲ್ಲಿ ಗದ್ದಲವಾಗಿ ಇಬ್ಬರ ಬಂಧನವೂ ಆಯಿತು, ವಾಹನದ ನೋಂದಣಿ ಆರು ತಿಂಗಳು ಅಮಾನತಾಯಿತು. ಲಕ್ಷಾಂತರ ಅಭಿಮಾನಿಗಳ ಬೆಂಬಲ ಕಾನೂನಿನ ಮುಂದೆ ಕೆಲಸಕ್ಕೆ ಬರಲಿಲ್ಲ.

ಆ ಕಾನೂನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದಲ್ಲಿ (ಆರ್‌ಸಿ) ಇರುವ ವಿವರಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಅದು. ವಾಹನದ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಮಾರ್ಪಾಡನ್ನು ಕಾಯ್ದೆ ‘ಬದಲಾವಣೆ’ ಎಂದು ಕರೆಯುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ತಂದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಶಿಕ್ಷೆ ಮಾಲೀಕನಿಗೆ. ‘ಎಲ್ಲ ನಾನು ನೋಡ್ಕೋತೀನಿ’ ಎಂದ ಗ್ಯಾರೇಜಿನವರ ಮಾತು ಆಗ ನೆರವಿಗೆ ಬರುವುದಿಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. 2004ರ ನವೆಂಬರ್ 5ರ ಕೇಂದ್ರದ ಅಧಿಸೂಚನೆಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲಿದೆ. ಬಾಡಿಗೆಗೆ ಬಿಟ್ಟರೆ ಅದು ಸಾರಿಗೆ ವಾಹನ. ಪರ್ಮಿಟ್, ತೆರಿಗೆ, ಫಿಟ್‌ನೆಸ್ ಪ್ರಮಾಣಪತ್ರ (ಎಫ್‌ಸಿ) ಎಲ್ಲ ಬೇರೆ. ಅಂದರೆ ಸರಕು ಲಾರಿಯೊಂದು ಸ್ವಂತ ಕ್ಯಾಂಪರ್ ಆಗಬೇಕಾದರೆ ಬಾಡಿಯ ಜೊತೆಗೆ ವಾಹನದ ವರ್ಗವೂ ಬದಲಾಗಬೇಕು.

ಆದ್ದರಿಂದ ಮೊದಲ ಹೆಜ್ಜೆ ಗ್ಯಾರೇಜಿಗಲ್ಲ, ಸಾರಿಗೆ ಕಚೇರಿಗೆ. ಜಹೀರಾಬಾದ್, ನಾರಾಯಣಖೇಡದವರು ಸಂಗಾರೆಡ್ಡಿ ಜಿಲ್ಲೆಯ ವ್ಯಾಪ್ತಿಗೆ, ತಾಂಡೂರಿನವರು ವಿಕಾರಾಬಾದ್ ಜಿಲ್ಲೆಯ ವ್ಯಾಪ್ತಿಗೆ ಬರುತ್ತಾರೆ. ಉದ್ದಗಲ, ಆಸನ, ಮಂಚ, ಗ್ಯಾಸ್ ಮತ್ತು ಬ್ಯಾಟರಿ ಇಡುವ ಜಾಗ ತೋರಿಸುವ ನಕ್ಷೆಯೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮೋಟಾರು ಕಾರವಾನುಗಳಿಗೆ ಎಐಎಸ್-124 ಎಂಬ ಮಾನದಂಡವಿದೆ; ಪುಣೆಯ ಎಆರ್‌ಎಐನಂಥ ಸಂಸ್ಥೆಯ ಪರೀಕ್ಷಾ ವರದಿ ತರಲು ಅಧಿಕಾರಿ ಹೇಳಿದರೆ ಆ ಖರ್ಚು ಲಾರಿಯ ಬೆಲೆಯನ್ನೇ ನಾಚಿಸಬಹುದು. ಇದು ಕಬ್ಬಿಣ ಕೊಳ್ಳುವ ಮುಂಚೆ ತಿಳಿಯಬೇಕಾದ ಸಂಗತಿ. ಕೈಯಲ್ಲಿ ಹಣ ಕಡಿಮೆಯಿದ್ದವರು ಚಾಸಿ ಕತ್ತರಿಸುವ, ವೀಲ್‌ಬೇಸ್ ಎಳೆಯುವ ಗೋಜಿಗೆ ಹೋಗಲೇಬಾರದು. ಅಗಲ 2.6 ಮೀಟರ್ ಮೀರುವಂತಿಲ್ಲ, ಹಿಂದಿನ ಚಾಚು ವೀಲ್‌ಬೇಸ್‌ನ ಶೇ. 60 ದಾಟುವಂತಿಲ್ಲ. ಅನುಮತಿ ಸಿಕ್ಕಿ ಕೆಲಸ ಮುಗಿದ ಮೇಲೆ 14 ದಿನದೊಳಗೆ ವೇಬ್ರಿಜ್ ಚೀಟಿ, ಆರ್‌ಸಿ ಸಮೇತ ಕಚೇರಿಗೆ ತಿಳಿಸಿ, ಬ್ರೇಕ್ ಇನ್‌ಸ್ಪೆಕ್ಟರ್ ತಪಾಸಣೆಯ ನಂತರ ಹೊಸ ವಿವರವನ್ನು ಆರ್‌ಸಿಗೆ ಏರಿಸಿಕೊಳ್ಳಬೇಕು.

ಇನ್ನು ತೆಲಂಗಾಣ-ಕರ್ನಾಟಕ ಗಡಿಯ ತೊಡಕು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ನೆಂಟಸ್ತನ, ವ್ಯಾಪಾರ ಇಂದಿಗೂ ಕರ್ನಾಟಕದ ಕಡೆಗೆ ಚಾಚಿಕೊಂಡಿವೆ. ಹಾಗಾಗಿ ಕೊಳ್ಳುವ ಲಾರಿ ಕೆಎ-38 ಇಲ್ಲವೇ ಕೆಎ-32 ನಂಬರಿನದಾಗಿರುವುದು ಸಹಜ. ಆಗ ಮಾರುವವರ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. ಅರ್ಜಿ ಕೊಟ್ಟ 30 ದಿನದೊಳಗೆ ನಿರಾಕರಣೆ ತಿಳಿಸದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು 48ನೇ ಕಲಮು ಹೇಳುತ್ತದೆ. ಈ ಹಕ್ಕು ಬಹಳ ಜನಕ್ಕೆ ಗೊತ್ತಿಲ್ಲ. ಫೈನಾನ್ಸ್ ಸಾಲ ತೀರಿದ್ದರೆ ಫಾರಂ 35, ಮಾಲೀಕತ್ವಕ್ಕೆ ಫಾರಂ 29 ಮತ್ತು 30. ಕೊಂಡವರು 30 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾರಿದವರಿಗೂ ಇದು ಮುಖ್ಯ: ಆರ್‌ಸಿಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಖರೀದಿ ಮಾತು ಮುಗಿಯುವ ಮುನ್ನ ಲಾರಿಯ ಅಡಿಗೆ ತಲೆ ಹಾಕಿ ಚಾಸಿ ನಂಬರ್ ಹುಡುಕಬೇಕು. ತುಕ್ಕು, ಗ್ರೀಸು ಒರೆಸಿ, ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಅವು ಆರ್‌ಸಿಗೆ ತಾಳೆಯಾಗದಿದ್ದರೆ, ಯಾವುದಾದರೂ ಅಂಕಿಯನ್ನು ತಿದ್ದಿ ಕೆತ್ತಿದಂತೆ ಕಂಡರೆ, ಬೆಲೆ ಎಷ್ಟೇ ಕಡಿಮೆಯಿರಲಿ ಎದ್ದು ಬರುವುದೇ ಸರಿ. ಅರ್ಜಿಗಳಿಗೂ ಈ ಪೆನ್ಸಿಲ್ ಅಚ್ಚೇ ಬೇಕಾಗುತ್ತದೆ. ನೋಂದಣಿ ರದ್ದಾಗಿ ಗುಜರಿಗೆ ಹೋದ ಲಾರಿಯಂತೂ ಮತ್ತೆ ರಸ್ತೆಗೆ ಇಳಿಯುವುದಿಲ್ಲ. ಹದಿನೈದು ವರ್ಷ ದಾಟಿದ ಭಾರಿ ವಾಹನದ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್ 1ರಿಂದ 12,500 ರೂಪಾಯಿಗೆ ಏರಿತ್ತು. ಇಂಥ ಶುಲ್ಕ ಪರಿಷ್ಕರಣೆಯಾಗುತ್ತಲೇ ಇರುವುದರಿಂದ ಅಂದಂದಿನ ದರ ಕೇಳಿಯೇ ಮುಂದುವರಿಯಬೇಕು.

‘ಆರ್‌ಸಿಯಲ್ಲಿ ಸರಕು ಲಾರಿ ಅಂತಲೇ ಇರಲಿ, ಒಳಗೆ ಮಂಚ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತೆ’ ಎನ್ನುವ ಸಲಹೆ ಎಲ್ಲಕ್ಕಿಂತ ಅಪಾಯಕಾರಿ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಹಿಂದೆ ಮಲಗಿದ ಮಕ್ಕಳಿಗೆ ಏನಾದರೂ ಆದರೆ ಅವರ ಪಾಲಿಗೆ ವಿಮೆಯೇ ಇಲ್ಲದಂತಾಗುತ್ತದೆ. ಮಾರ್ಪಾಡನ್ನು ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳಲೇಬೇಕು.

ಲೈಸೆನ್ಸ್ ಕೂಡ ನೋಡಿಕೊಳ್ಳಬೇಕು. ಒಟ್ಟು ತೂಕ 7,500 ಕಿಲೋ ಒಳಗಿನ ವಾಹನಕ್ಕೆ ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿತು. ಹದಿನಾರು ಟನ್ನಿನ ಲಾರಿಗೆ ಅದು ಅನ್ವಯಿಸದು. ಬರೀ ಕಾರಿನ ಲೈಸೆನ್ಸ್ ಇರುವ ಕುಟುಂಬಕ್ಕೆ ಸಣ್ಣ ಲಾರಿಯೇ ಒಳ್ಳೆಯ ಆಯ್ಕೆ ಎಂಬುದು ಇಲ್ಲಿಂದ ತಾನಾಗಿ ತಿಳಿಯುತ್ತದೆ.

ಅಧಿಕಾರಿ ‘ಆಗಲ್ಲ’ ಎಂದರೆ ಬಾಯಿಮಾತಿಗೆ ಸುಮ್ಮನಾಗಬಾರದು, ಲಿಖಿತ ಆದೇಶ ಕೇಳಬೇಕು. ಅದು ಕೈಸೇರಿದ 30 ದಿನದೊಳಗೆ 57ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಕೊಳೆಯುತ್ತಿದ್ದರೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಕಡತದ ಸ್ಥಿತಿ ಕೇಳಿದರೆ 30 ದಿನದಲ್ಲಿ ಉತ್ತರ ಬರಬೇಕು. ತೆಲುಗು ಬರೆಯಲು ಬಾರದ ಗಡಿ ಕನ್ನಡಿಗರು ಅಂಜಬೇಕಿಲ್ಲ: ಬರವಣಿಗೆಯಲ್ಲಿ ಅರ್ಜಿ ಕೊಡಲಾಗದವರಿಗೆ ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಆ ಕಾಯ್ದೆ ಹೇಳುತ್ತದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಲಾರಿಗೆ ಮುಂಗಡ ಕೊಡುವ ಮೊದಲೇ ಆರ್‌ಸಿಯ ಪ್ರತಿ, ನಕ್ಷೆ, ಅರ್ಜಿ ಹಿಡಿದು ಕಚೇರಿಗೆ ಹೋಗಿ. ಸ್ವೀಕೃತಿ ಪಡೆಯದೆ ಹೊರಬರಬೇಡಿ.